ಎರಡು ಅಂತರಗಂಗೆ: ಉಪಗ್ರಹದಲ್ಲೇ ಕೆರೆ ಅಳೆಯಲು ಹೊರಟ ಒಂದು ಪ್ರಕರಣ

ಯಂತ್ರ ಕೊಟ್ಟ ಪಟ್ಟಿಯಲ್ಲಿ ಆ ಕೆರೆಯ ಮುಂದೆ ಸೊನ್ನೆ ಇತ್ತು. ನೀರಿನ ಹರವು ಸೊನ್ನೆ ಹೆಕ್ಟೇರ್. ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಾನು ಮತ್ತು ನನ್ನ ಇಬ್ಬರು ವಿದ್ಯಾರ್ಥಿಗಳು ಮುಳಬಾಗಿಲು ತಾಲ್ಲೂಕಿನ ಆ ಊರಿನ ಕೆರೆ ಏರಿಯ ಮೇಲೆ ನಿಂತಿದ್ದೆವು. ತೂಬಿನ ಕಲ್ಲುಕಂಬ ಅರ್ಧಕ್ಕಿಂತ ಹೆಚ್ಚು ಮುಳುಗಿತ್ತು. ಕೋಡಿಯ ಬಳಿ ಒಂದು ತುಂಡು ನೀರು ಹೊಳೆಯುತ್ತಿತ್ತು. ಉಳಿದದ್ದೆಲ್ಲ ಆಚೆ ದಡದವರೆಗೆ ಹಸಿರು, ಒತ್ತೊತ್ತಾಗಿ ತೇಲುವ ಅಂತರಗಂಗೆ ಕಳೆ. ಊರಿನ ನೀರುಗಂಟಿ ತಾತ ಏರಿಯಿಂದ ಒಂದು ಕಲ್ಲನ್ನೆತ್ತಿ ಆ ಹಸಿರಿನ ಮೇಲೆ ಎಸೆದರು. ಕಲ್ಲು ಸದ್ದು ಮಾಡಿ ಮುಳುಗಿತು.

“ಸೊನ್ನೆಯೇ ಮೇಷ್ಟ್ರೇ? ಎರಡಾಳು ನೀರಿದೆ. ಇನ್ನೊಂದು ಮಳೆ ಬಿದ್ದರೆ ಕೋಡಿ ಹರಿಯುತ್ತದೆ” ಎಂದರು.

ಅದೇ ಪಟ್ಟಿಯ ಇನ್ನೊಂದು ಪುಟದಲ್ಲಿ, ಕೋಲಾರ ಪಟ್ಟಣದ ಪಕ್ಕದ ಅಂತರಗಂಗೆ ಬೆಟ್ಟದ ಪಡುವಣ ಮಗ್ಗುಲಲ್ಲಿ ಮೂರು ಕುಂಟೆಗಳಿವೆ, ಮೂರೂ ತುಂಬಿವೆ ಎಂದು ಬರೆದಿತ್ತು. ಹಿಂದಿನ ದಿನ ನಾವು ಅಲ್ಲಿಗೂ ಹತ್ತಿ ಬಂದಿದ್ದೆವು. ಅಲ್ಲಿ ಕುಂಟೆಗಳಿಲ್ಲ, ನೆಟ್ಟಗೆ ಇಳಿಯುವ ಬಂಡೆಗಳಿವೆ. ಒಂದೇ ಹೆಸರಿನ ಕಳೆ ಒಂದು ಕಡೆ ನೀರನ್ನು ಮುಚ್ಚಿಟ್ಟಿತ್ತು, ಅದೇ ಹೆಸರಿನ ಬೆಟ್ಟ ಇನ್ನೊಂದು ಕಡೆ ಇಲ್ಲದ ನೀರನ್ನು ತೋರಿಸಿತ್ತು. ತಪ್ಪು ಉತ್ತರ ಯಾವ ಯಂತ್ರದಿಂದಲಾದರೂ ಬರುತ್ತದೆ. ಆದರೆ ನಾವು ಕಟ್ಟಿದ ವ್ಯವಸ್ಥೆ ನಿಜವಾಗಿಯೂ ಆಕಾಶದಲ್ಲಿದ್ದಿದ್ದರೆ, ಈ ಎರಡು ತಪ್ಪುಗಳು ಹೇಗಾದವೆಂದು ಯಾರೂ ಎಂದೂ ಕಂಡುಹಿಡಿಯಲು ಆಗುತ್ತಿರಲಿಲ್ಲ. ಈ ಪ್ರಕರಣವನ್ನು ಬರೆದಿಡಲು ಅದೇ ಕಾರಣ.

ನಾನು ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿಗ್ನಲ್ ಸಂಸ್ಕರಣೆ ಪಾಠ ಮಾಡುತ್ತೇನೆ. ಬೆಂಗಳೂರಿನಲ್ಲಿ ಚಿಕ್ಕ ರೇಡಾರ್ ಉಪಗ್ರಹವೊಂದರ ಯೋಜನೆ ಹಾಕಿಕೊಂಡಿದ್ದ ತಂಡದವರು ನಮ್ಮ ಅಂತಿಮ ವರ್ಷದ ಐದು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟಿದ್ದರು. ಉಪಗ್ರಹ ಕೋಲಾರ ಜಿಲ್ಲೆಯ ಮೇಲೆ ಹಾದುಹೋದಾಗ ದತ್ತಾಂಶವನ್ನೆಲ್ಲ ಭೂಮಿಗೆ ಕಳಿಸುವ ಬದಲು ತಾನೇ ಲೆಕ್ಕ ಹಾಕಿ, ಯಾವ ಕೆರೆಯಲ್ಲಿ ಎಷ್ಟು ನೀರಿದೆ ಎಂಬ ಪಟ್ಟಿಯನ್ನಷ್ಟೇ ಕಳಿಸಬೇಕು. ಅದು ಸಾಧ್ಯವೇ ಎಂದು ಮೇಜಿನ ಮೇಲೆ ಮಾಡಿ ತೋರಿಸಬೇಕು.

ಕೆರೆಯನ್ನೇ ಏಕೆ ಆರಿಸಿದೆವು ಎಂದು ಕೋಲಾರದವರಿಗೆ ಹೇಳಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಇದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಇಲ್ಲಿನ ಕೆರೆಗಳಿಗೆ ಬರುತ್ತಿದೆ. 2021ರ ನವೆಂಬರ್ ಮಳೆಯಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳ ಕೆರೆಗಳು ಎಷ್ಟೋ ವರ್ಷಗಳ ನಂತರ ಕೋಡಿ ಬಿದ್ದವು. ಏರಿ ತಡೆಯುತ್ತದೋ ಇಲ್ಲವೋ ಎಂದು ಜನ ರಾತ್ರಿಯೆಲ್ಲ ಎಚ್ಚರವಿದ್ದರು. ಅಂಥ ರಾತ್ರಿಗಳಲ್ಲಿ ಕ್ಯಾಮೆರಾ ಹೊತ್ತ ಉಪಗ್ರಹಕ್ಕೆ ಮೋಡವಲ್ಲದೆ ಬೇರೇನೂ ಕಾಣುವುದಿಲ್ಲ. ರೇಡಾರ್ ತನ್ನದೇ ಅಲೆಯನ್ನು ಕಳಿಸಿ ಅದರ ಪ್ರತಿಧ್ವನಿಯನ್ನು ಕೇಳುವ ಸಾಧನವಾದ್ದರಿಂದ ಅದಕ್ಕೆ ಕತ್ತಲೆಯೂ ಒಂದೇ, ಮೋಡವೂ ಒಂದೇ. ಭಾರತದ ರಿಸ್ಯಾಟ್-1 (2012), ಇಒಎಸ್-04 (2022), ನಾಸಾ ಜೊತೆಗೂಡಿ ಹಾರಿಸಿದ ನಿಸಾರ್ (2025), ಯುರೋಪಿನ ಸೆಂಟಿನೆಲ್-1 ಎಲ್ಲವೂ ಈ ಜಾತಿಯವು.

ನಮ್ಮ ಬಳಿ ಉಪಗ್ರಹವಿಲ್ಲ. ಸೆಂಟಿನೆಲ್-1ರ ಕಚ್ಚಾ ದತ್ತಾಂಶ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಅದನ್ನು ಇಳಿಸಿಕೊಂಡು ಅಂಗೈಯಗಲದ ಒಂದು ಜಿಪಿಯು ಬೋರ್ಡಿಗೆ (ಒಂದೇ ಬಗೆಯ ಸಾವಿರಾರು ಲೆಕ್ಕಗಳನ್ನು ಒಟ್ಟೊಟ್ಟಿಗೆ ಮಾಡುವ ಚಿಕ್ಕ ಕಂಪ್ಯೂಟರ್) ಉಣಿಸಿ, ಅದನ್ನೇ ಉಪಗ್ರಹ ಎಂದುಕೊಂಡೆವು. ಮೂರು ನಿಯಮ ಹಾಕಿಕೊಂಡೆವು. ವಿದ್ಯುತ್ ಹದಿನೈದು ವಾಟ್ ಮೀರಬಾರದು, ಏಕೆಂದರೆ ಅಲ್ಲಿ ಗಾಳಿಯಿಲ್ಲ, ಫ್ಯಾನ್ ಹಾಕಿ ತಣಿಸಲು ಆಗದು, ಬಿಸಿಯೆಲ್ಲ ವಿಕಿರಣವಾಗಿಯೇ ಹೊರಹೋಗಬೇಕು. ಒಂದು ಹಾಯುವಿಕೆಗೆ ಕೆಲವೇ ಮೆಗಾಬೈಟ್ ಹೊರಗೆ ಕಳಿಸಬೇಕು. ಲೆಕ್ಕ ಮುಗಿದ ಕೂಡಲೇ ಕಚ್ಚಾ ದತ್ತಾಂಶವನ್ನು ಅಳಿಸಬೇಕು, ಮುಂದಿನ ಪ್ರದೇಶಕ್ಕೆ ಜಾಗ ಬೇಕಲ್ಲ. ಈ ಮೂರನೆಯ ನಿಯಮದ ಬಗ್ಗೆ ಆಗ ನಾವು ಐದು ನಿಮಿಷವೂ ಮಾತನಾಡಲಿಲ್ಲ.

ಕಚ್ಚಾ ದತ್ತಾಂಶ ಎಂದರೆ ಏನು?

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಪ್ರಕರಣದ ಗಂಟು ಇಲ್ಲಿಯೇ ಇದೆ.

ಕ್ಯಾಮೆರಾ ಉಪಗ್ರಹ ಕಳಿಸುವುದು ಚಿತ್ರವನ್ನು. ಈ ರೇಡಾರ್ ಉಪಗ್ರಹಗಳಲ್ಲಿರುವ ಸಿಂಥೆಟಿಕ್ ಅಪರ್ಚರ್ ರೇಡಾರ್ ದಾಖಲಿಸುವುದು ಚಿತ್ರವಲ್ಲ, ಪ್ರತಿಧ್ವನಿಗಳ ಕಲಬೆರಕೆ. ಸೆಂಟಿನೆಲ್-1 ಸುಮಾರು 693 ಕಿ.ಮೀ. ಎತ್ತರದಿಂದ ಐದೂವರೆ ಸೆಂಟಿಮೀಟರ್ ಅಲೆಯುದ್ದದ ತುಡಿತಗಳನ್ನು ಓರೆಯಾಗಿ ಕೆಳಗೆ ಕಳಿಸುತ್ತದೆ. ಒಂದು ತುಡಿತದ ಅವಧಿ ಸುಮಾರು 50 ಮೈಕ್ರೊಸೆಕೆಂಡ್. ಚಿಕ್ಕದೆನಿಸಬಹುದು, ಆದರೆ ಅಷ್ಟು ಹೊತ್ತಿನಲ್ಲಿ ಬೆಳಕು ಹದಿನೈದು ಕಿ.ಮೀ. ಸಾಗುತ್ತದೆ; ಹೋಗಿ ಬರುವ ದಾರಿಯ ಲೆಕ್ಕದಲ್ಲಿ ಏಳೂವರೆ ಕಿ.ಮೀ. ಅಂದರೆ ಒಂದು ಕೆರೆಯ ತೂಬಿನ ಕಲ್ಲು ವಾಪಸು ಕಳಿಸಿದ ಸದ್ದು ಕಚ್ಚಾ ದತ್ತಾಂಶದಲ್ಲಿ ಏಳೂವರೆ ಕಿ.ಮೀ. ಉದ್ದಕ್ಕೆ ಸವರಿಕೊಂಡಿರುತ್ತದೆ. ಹಾರುವ ದಿಕ್ಕಿನಲ್ಲಿಯೂ ಅಷ್ಟೇ: 12.3 ಮೀಟರ್ ಉದ್ದದ ಆಂಟೆನಾದ ಕಿರಣ ನೆಲ ಮುಟ್ಟುವಷ್ಟರಲ್ಲಿ ಸುಮಾರು ನಾಲ್ಕು ಕಿ.ಮೀ. ಅಗಲವಾಗಿರುತ್ತದೆ. ಅದೇ ಕಲ್ಲು ನೂರಾರು ತುಡಿತಗಳಿಗೆ ಮತ್ತೆ ಮತ್ತೆ ಓಗೊಡುತ್ತದೆ. ಕಚ್ಚಾ ದತ್ತಾಂಶವನ್ನು ಚಿತ್ರದಂತೆ ತೆರೆದು ನೋಡಿದರೆ ರಾಗಿ ಎರಚಿದ ಚಾಪೆಯಂತೆ ಕಾಳುಕಾಳು. ಕೆರೆಯೂ ಇಲ್ಲ, ಊರೂ ಇಲ್ಲ. ಒಬ್ಬ ಹುಡುಗ ಅದನ್ನು ಜಿಪ್ ಮಾಡಿ ಕಿರಿದಾಗಿಸಲು ನೋಡಿದ. ಹೆಚ್ಚೇನೂ ಇಳಿಯಲಿಲ್ಲ. ಗದ್ದಲದಂತಿರುವುದರಲ್ಲಿ ಮರುಕಳಿಸುವ ವಿನ್ಯಾಸವೇ ಇರುವುದಿಲ್ಲವಾದ್ದರಿಂದ ಅದು ಮಾಮೂಲಿ ದಾರಿಯಲ್ಲಿ ಕುಗ್ಗುವುದಿಲ್ಲ.

ಆದ್ದರಿಂದಲೇ ರೇಡಾರ್ ಉಪಗ್ರಹಗಳು ತಮ್ಮೊಳಗೆ ಮೊದಲು ಕಲಿತದ್ದು ಚಿತ್ರ ಮಾಡುವುದನ್ನಲ್ಲ, ಒರಟಾಗಿ ಅಳೆಯುವುದನ್ನು. 1978ರ ಸೀಸ್ಯಾಟ್‌ನಲ್ಲಿ ರೇಡಾರ್ ದತ್ತಾಂಶವನ್ನು ತುಂಬಿಟ್ಟುಕೊಳ್ಳುವ ಸಾಧನವೇ ಇರಲಿಲ್ಲ. ಕೆಳಗೆ ನಿಲ್ದಾಣ ಕಣ್ಣಿಗೆ ಬಿದ್ದಾಗ ಮಾತ್ರ ಅದರ ರೇಡಾರ್ ಕೆಲಸಕ್ಕೆ ಬರುತ್ತಿತ್ತು. ಬಂದ ಸಂಕೇತಗಳನ್ನು ಫಿಲ್ಮಿಗೆ ಇಳಿಸಿ, ಲೇಸರ್ ಮತ್ತು ಮಸೂರಗಳಿಂದ ಚಿತ್ರ ತೆಗೆಯುತ್ತಿದ್ದರು. ಅದೇ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿಸಲು ಆಗ ಒಂದು ದೃಶ್ಯಕ್ಕೇ ಗಂಟೆಗಟ್ಟಲೆ ಬೇಕಾಗುತ್ತಿತ್ತು. ಶುಕ್ರಗ್ರಹದ ನಕ್ಷೆ ಮಾಡಲು 1989ರಲ್ಲಿ ಹೊರಟ ಮೆಗೆಲನ್ ನೌಕೆ ಪ್ರತಿ ಮಾದರಿಯನ್ನು, ಅಂದರೆ ಪ್ರತಿಧ್ವನಿಯ ಒಂದೊಂದು ಅಳತೆಯನ್ನು, ಎಂಟು ಬಿಟ್‌ನಿಂದ ಎರಡು ಬಿಟ್‌ಗೆ ಇಳಿಸಿ ಕಳಿಸಿತು. ಮಾದರಿಗಳನ್ನು ಗುಂಪು ಮಾಡಿ, ಆಯಾ ಗುಂಪಿನ ಏರಿಳಿತಕ್ಕೆ ತಕ್ಕಂತೆ ಅಳತೆಗೋಲನ್ನೇ ಹಿಗ್ಗಿಸಿ ಕುಗ್ಗಿಸುವ ಆ ಉಪಾಯದ ಸುಧಾರಿತ ರೂಪ ಇಂದಿಗೂ ಸೆಂಟಿನೆಲ್-1ರಲ್ಲಿದೆ. ನಿಸಾರ್‌ನಲ್ಲಿ ಹಲವು ಸ್ವೀಕಾರ ವಾಹಿನಿಗಳ ಪ್ರತಿಧ್ವನಿಗಳನ್ನು ಮೇಲೆಯೇ ಅಂಕೆಗಳಾಗಿ ಬದಲಿಸಿ ಕೂಡಿಸುತ್ತಾರೆ. ಇವೆಲ್ಲ ಉಪಗ್ರಹದೊಳಗಿನ ಸಂಸ್ಕರಣೆಯೇ. ಆದರೆ ಇವು ಯಾವುವೂ “ಇಲ್ಲಿ ನೀರಿದೆ, ಇಲ್ಲಿ ಇಲ್ಲ” ಎಂದು ತೀರ್ಪು ಕೊಡುವುದಿಲ್ಲ. 2020ರಲ್ಲಿ ಹಾರಿದ ಯುರೋಪಿನ ಫೈಸ್ಯಾಟ್-1 ಮೋಡ ತುಂಬಿದ ಚಿತ್ರಗಳನ್ನು ಮೇಲೆಯೇ ಗುರುತಿಸಿತು; ಅದು ಬೆಳಕಿನ ಕ್ಯಾಮೆರಾ, ಅದಕ್ಕೆ ಚಿತ್ರ ಮೊದಲೇ ಸಿದ್ಧವಿರುತ್ತದೆ. ರೇಡಾರಿನಲ್ಲಿ ತೀರ್ಪು ಕೊಡುವ ಮೊದಲು ಚಿತ್ರವನ್ನೇ ಹೊಸೆದು ತೆಗೆಯಬೇಕು.

ಆ ಹೊಸೆಯುವಿಕೆಗೆ ಫೋಕಸ್ ಮಾಡುವುದು ಎನ್ನುತ್ತೇವೆ. ಎರಡು ಹೆಜ್ಜೆ. ಒಂದೊಂದು ಪ್ರತಿಧ್ವನಿಯ ಸಾಲಿನಲ್ಲೂ ಏಳೂವರೆ ಕಿ.ಮೀ. ಸವರಿದ್ದನ್ನು ಕೆಲವು ಮೀಟರ್‌ಗೆ ಒತ್ತುವುದು ಮೊದಲನೆಯದು. ನೂರಾರು ಸಾಲುಗಳಲ್ಲಿ ಹರಡಿದ ಒಂದೇ ಬಿಂದುವಿನ ಓಗೊಡುವಿಕೆಗಳನ್ನು ಫೇಸ್ (ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದು) ಹೊಂದಿಸಿ ಒಂದೆಡೆ ಸೇರಿಸುವುದು ಎರಡನೆಯದು. ಮೊದಲನೆಯದಕ್ಕೆ ದತ್ತಾಂಶ ಅಡ್ಡಡ್ಡ ಬೇಕು, ಎರಡನೆಯದಕ್ಕೆ ಉದ್ದುದ್ದ. ನೇಕಾರರ ಮನೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಇದನ್ನು ನನಗಿಂತ ಚೆನ್ನಾಗಿ ಹೇಳಿದಳು: “ಸರ್, ಉಪಗ್ರಹ ಕೊಡುವುದು ಹೊಕ್ಕು. ನಮಗೆ ಬೇಕಾದದ್ದು ಹಾಸು. ಬಟ್ಟೆ ಪೂರ್ತಿ ಮಗ್ಗದ ಮೇಲಿರದೆ ಹಾಸಿನ ಒಂದು ಎಳೆಯನ್ನೂ ಹಿಡಿಯಲಾಗದು.” ಒಂದು ತುಣುಕಿಗೆ ಸಾವಿರದ ಐನೂರರ ಆಸುಪಾಸು ಸಾಲು, ಪ್ರತಿ ಸಾಲಿಗೆ ಇಪ್ಪತ್ತು ಸಾವಿರದ ಆಸುಪಾಸು ಮಾದರಿ, ಮಾದರಿಗೆ ಎಂಟು ಬೈಟ್: ಕಾಲು ಗಿಗಾಬೈಟ್ ಒಟ್ಟಿಗೆ ಮೆಮೊರಿಯಲ್ಲಿ ಕುಳಿತು, ಅಡ್ಡದಿಂದ ಉದ್ದಕ್ಕೆ ತಿರುಗಬೇಕು. ನಮ್ಮ ಬೋರ್ಡ್ ಹೆಚ್ಚು ಹೊತ್ತು ಕಳೆದದ್ದು ಗುಣಾಕಾರದಲ್ಲಲ್ಲ, ಈ ತಿರುಗಿಸುವುದರಲ್ಲಿ. ಆ ಹುಡುಗಿ ಎರಡು ತಿಂಗಳು ಅದರ ಹಿಂದೆಯೇ ಬಿದ್ದು, ತುಣುಕುಗಳನ್ನು ಚೌಕ ಚೌಕವಾಗಿ ಮಡಚಿ ತಿರುಗಿಸುವಂತೆ ಮಾಡಿ, ಕೆಲಸವನ್ನು ನಮ್ಮ ವಿದ್ಯುತ್ ಮಿತಿಯೊಳಗೆ ತಂದಳು. ಇಡೀ ಯೋಜನೆಯಲ್ಲಿ ನಾನು ಅತ್ಯಂತ ಹೆಮ್ಮೆಪಟ್ಟ ದಿನ ಅದು.

ಅಷ್ಟು ಕಷ್ಟಪಟ್ಟು ಚಿತ್ರ ತೆಗೆದ ಮೇಲೆ ನಾವು ಮಾಡಿದ್ದೇನು? ಚಿತ್ರವನ್ನು ಎಸೆದೆವು.

ನಿಂತ ನೀರು ಕನ್ನಡಿಯಂತೆ. ಓರೆಯಾಗಿ ಬಿದ್ದ ಅಲೆಯನ್ನು ಅದು ಆಚೆಗೆ ಚಿಮ್ಮಿಸುತ್ತದೆ, ಉಪಗ್ರಹದ ಕಡೆಗೆ ಹಿಂದಿರುಗಿಸುವುದಿಲ್ಲ. ಹಾಗಾಗಿ ನೀರು ಕಪ್ಪು, ಹೊಲ ಬೂದು, ಊರು ಬಿಳುಪು. ಕಪ್ಪು ಮತ್ತು ಬೂದಿನ ನಡುವೆ ಒಂದು ಗೆರೆ ಎಳೆದು, ಗೆರೆಗಿಂತ ಕಪ್ಪಾದದ್ದೆಲ್ಲ ನೀರು ಎಂದು ನಿರ್ಧರಿಸಿದೆವು. ಪಿಕ್ಸೆಲ್‌ಗೆ ಒಂದು ಬಿಟ್: ಹೌದು ಅಥವಾ ಇಲ್ಲ. ಸೆಂಟಿನೆಲ್-1 ನೆಲದ ಮೇಲೆ ಸಾಮಾನ್ಯವಾಗಿ ಎರಡು ಧ್ರುವೀಕರಣಗಳಲ್ಲಿ, ಅಂದರೆ ಅಲೆ ತೂಗುವ ಎರಡು ದಿಕ್ಕುಗಳಲ್ಲಿ, ಕೇಳಿಸಿಕೊಳ್ಳುತ್ತದೆ: ನೆಟ್ಟಗೆ ಕಳಿಸಿದ್ದನ್ನು ನೆಟ್ಟಗೇ ಕೇಳುವುದು ವಿವಿ, ಅಡ್ಡಕ್ಕೆ ಕೇಳುವುದು ವಿಎಚ್. ಕೆಲಸ ಅರ್ಧವಾಗಲೆಂದು ವಿವಿ ಒಂದನ್ನೇ ಇಟ್ಟುಕೊಂಡು ವಿಎಚ್ ಅನ್ನು ಬಿಟ್ಟೆವು. ಕಾಳುಕಾಳಿನ ಗದ್ದಲ ಕೆರೆಯಂತೆ ಕಾಣದಿರಲೆಂದು ಅರ್ಧ ಹೆಕ್ಟೇರಿಗಿಂತ ಚಿಕ್ಕ ಕಪ್ಪು ತುಂಡುಗಳನ್ನು ಅಳಿಸಿದೆವು. ಬೆಟ್ಟಗುಡ್ಡಗಳ ಎತ್ತರದ ನಕ್ಷೆಯನ್ನು ಸೇರಿಸಲಿಲ್ಲ, ಕೋಲಾರ ಬಹುತೇಕ ಬಯಲುಸೀಮೆ ಎಂಬ ಧೈರ್ಯ. ಪ್ರತಿಯೊಂದು ನಿರ್ಧಾರವೂ ಬಿಡಿಬಿಡಿಯಾಗಿ ನೋಡಿದರೆ ಸರಿಯೇ. ಒಂದೂವರೆ ಗಿಗಾಬೈಟ್ ಮೀರಿದ ಕಡತದಿಂದ ಕೊನೆಗೆ ಹೊರಬಂದದ್ದು ಕೆಲವು ನೂರು ಕಿಲೋಬೈಟ್‌ಗಳ ಪಟ್ಟಿ. ಬೆಂಗಳೂರಿನ ತಂಡದವರು ಸಂತೋಷಪಟ್ಟರು. ನಾವೂ ಸಂತೋಷಪಟ್ಟೆವು.

ಹೊಲ ಜಾಗ ಬದಲಿಸುವುದಿಲ್ಲ

ಬೆಟ್ಟದ ತಪ್ಪು ಸುಲಭವಾಗಿ ಬಿಡಿಸಿಕೊಂಡಿತು. ಬೆಳಗಿನ ಆರು ಗಂಟೆಯ ಸುಮಾರಿಗೆ ಉಪಗ್ರಹ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತ ತನ್ನ ಬಲಕ್ಕೆ, ಅಂದರೆ ಪಶ್ಚಿಮಕ್ಕೆ ನೋಡುತ್ತದೆ. ಬೆಟ್ಟದ ಮೂಡಣ ಮುಖ ಅದಕ್ಕೆ ಎದುರು, ಪಡುವಣ ಮುಖ ಮರೆ. ಬಂಡೆ ಸಾಕಷ್ಟು ಕಡಿದಾಗಿದ್ದರೆ ಅದರ ಹಿಂದೆ ಅಲೆಯೇ ಬೀಳದ ನೆರಳು. ಅರುವತ್ತು ಮೀಟರ್ ಎತ್ತರದ ಬಂಡೆಯ ಆಚೆ, ಅಲೆ 45 ಡಿಗ್ರಿ ಓರೆಯಿದ್ದರೆ, ಅಷ್ಟೇ ಉದ್ದದ ನೆರಳು ಬೀಳುತ್ತದೆ. ಪೂರ್ತಿ ನೆರಳಲ್ಲದ ಕಡೆಯೂ ನುಣುಪು ಬಂಡೆ ಆಚೆಗೆ ವಾಲಿದ್ದರೆ ಕಪ್ಪೇ. ಕಪ್ಪೆಂದರೆ ನೀರು ಎಂದು ನಾವೇ ಯಂತ್ರಕ್ಕೆ ಹೇಳಿಕೊಟ್ಟಿದ್ದೆವು. ಆ ಬೆಟ್ಟದಲ್ಲಿ ನಿಜವಾದ ನೀರು ಇರುವುದು ದೇವಸ್ಥಾನದ ಬಳಿ, ಕಲ್ಲು ಬಸವನ ಬಾಯಿಂದ ಸುರಿಯುತ್ತ. ಅದು ರೇಡಾರಿನ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ.

ಕೆರೆಯ ತಪ್ಪು ಹಾಗಲ್ಲ. ತಾತನ ಎದುರು ನಿಂತಾಗ ನನ್ನ ಬಳಿ ಇದ್ದದ್ದು ಸೊನ್ನೆ ಮಾತ್ರ. ಕಪ್ಪು ಎಷ್ಟಿತ್ತು, ಬೂದು ಎಷ್ಟಿತ್ತು, ಗೆರೆಯಿಂದ ಎಷ್ಟು ದೂರವಿತ್ತು, ಒಂದೂ ಇಲ್ಲ. ಅವರ ಬಳಿ ತೂಬಿನ ಕಲ್ಲಿತ್ತು, ಎಸೆಯಲು ಕಲ್ಲಿತ್ತು, ನಲವತ್ತು ವರ್ಷ ನೀರು ಬಿಟ್ಟ ಅನುಭವವಿತ್ತು. ನನ್ನ ಸೊನ್ನೆಯನ್ನು ಸಮರ್ಥಿಸಲೂ ಆಗಲಿಲ್ಲ, ತಿದ್ದಲೂ ಆಗಲಿಲ್ಲ. ಆ ಕ್ಷಣ ನನಗೆ ಬಹಳ ನೋವಾಯಿತು. ತಪ್ಪಿಗಲ್ಲ, ಮಾತಿಲ್ಲದೆ ನಿಂತದ್ದಕ್ಕೆ.

ಕಾಲೇಜಿಗೆ ಮರಳಿ, ನಮ್ಮ ನಿಯಮವನ್ನು ಮುರಿದು, ಕಚ್ಚಾ ಕಡತವನ್ನು ಸಂಗ್ರಹದಿಂದ ಮತ್ತೆ ಇಳಿಸಿದೆವು. ಫೋಕಸ್ ಮಾಡಿದ ಚಿತ್ರದಲ್ಲಿ ಕೆರೆ ಅಕ್ಕಪಕ್ಕದ ಹೊಲದಂತೆಯೇ ಬೂದಾಗಿತ್ತು. ತೇಲುವ ಕಳೆಯ ದಪ್ಪ ಎಲೆಗಳು ಐದೂವರೆ ಸೆಂಟಿಮೀಟರ್ ಅಲೆಯನ್ನು ನೀರಿನವರೆಗೆ ಹೋಗಗೊಡದೆ ಎಲ್ಲ ದಿಕ್ಕಿಗೂ ಚೆದುರಿಸಿದ್ದವು. ಕೋಡಿಯ ಬಳಿಯ ಕಪ್ಪು ತುಂಡು ಚಿತ್ರದಲ್ಲಿ ಸ್ಪಷ್ಟವಾಗಿತ್ತು. ಅರ್ಧ ಹೆಕ್ಟೇರ್ ಇಲ್ಲವೆಂದು ನಮ್ಮ ಜರಡಿಯೇ ಅದನ್ನು ಅಳಿಸಿತ್ತು. ಬಿಟ್ಟಿದ್ದ ವಿಎಚ್ ಅನ್ನೂ ತೆಗೆದು ನೋಡಿದೆವು. ಅದು ಗಿಡವಿದೆ ಎಂದು ಹೇಳಿತೇ ಹೊರತು, ಗಿಡದ ಕೆಳಗೆ ಮಣ್ಣಿದೆಯೋ ನೀರಿದೆಯೋ ಎಂದು ಹೇಳಲಿಲ್ಲ. ರಾಗಿ ಹೊಲವೂ ಅಂತರಗಂಗೆಯೂ ಆ ಒಂದು ದಿನದ ಚಿತ್ರದಲ್ಲಿ ಅಣ್ಣತಮ್ಮಂದಿರಂತಿದ್ದವು.

ಎರಡನೆಯ ಸಲ ಊರಿಗೆ ಹೋದಾಗ ಈ ಕಷ್ಟವನ್ನು ತಾತನಿಗೆ ಹೇಳಿದೆ. ಚಿತ್ರದ ಮುದ್ರಿತ ಪ್ರತಿಯನ್ನು ಅವರು ಬಹಳ ಹೊತ್ತು ನೋಡಿದರು. “ಇದು ಹೊಲದ ಹಾಗೆ ಕಾಣುತ್ತದೆ ಅನ್ನುತ್ತೀರಿ. ಆದರೆ ಮೂಡಣ ಗಾಳಿ ಬೀಸಿದರೆ ಈ ಸೊಪ್ಪೆಲ್ಲ ಕೋಡಿಯ ಕಡೆಗೆ ಹೋಗುತ್ತದೆ, ಗಾಳಿ ತಿರುಗಿದರೆ ಏರಿಗೆ ಬಂದು ಒತ್ತುತ್ತದೆ. ಹೊಲ ಎಲ್ಲಾದರೂ ಜಾಗ ಬದಲಿಸುತ್ತದೆಯೇ ಮೇಷ್ಟ್ರೇ?” ಎಂದು ಕೇಳಿದರು.

ಉತ್ತರ ಅಲ್ಲಿತ್ತು. ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ಅದೇ ದಾರಿಯಲ್ಲಿ, ಅದೇ ಕೋನದಿಂದ ನೋಡುತ್ತದೆ. ಹಿಂದಿನ ನಾಲ್ಕು ಹಾಯುವಿಕೆಗಳ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟಾಗ ಬೂದು ತೇಪೆ ಕೆರೆಯೊಳಗೆ ಓಡಾಡಿದ್ದು ಕಣ್ಣಿಗೆ ಕಟ್ಟಿದಂತೆ ಕಂಡಿತು: ಒಮ್ಮೆ ಏರಿಯ ಬುಡದಲ್ಲಿ, ಒಮ್ಮೆ ನಡುವೆ, ಮತ್ತೊಮ್ಮೆ ಎರಡು ಹೋಳಾಗಿ. ಸರಿದಾಡುವ ಹಸಿರಿನ ಕೆಳಗೆ ನೀರಿರಲೇಬೇಕು. ಆದರೆ ಇದನ್ನು ನೋಡಲು ಬೂದಿನ ಚಿತ್ರ ಬೇಕು. ನಾವು ಕಳಿಸಿದ ಪಟ್ಟಿಗಳಲ್ಲಿ ಇದ್ದದ್ದು 14, 9, 3, 0 ಎಂಬಂಥ ಇಳಿಯುವ ಸಂಖ್ಯೆಗಳು. ಅವನ್ನು ಓದಿದ ಯಾವ ಅಧಿಕಾರಿಯಾದರೂ ಕೆರೆ ಬತ್ತುತ್ತಿದೆ ಎಂದೇ ತಿಳಿಯುತ್ತಿದ್ದರು. ಅತ್ತ ಕೆರೆ ತುಂಬುತ್ತಿತ್ತು.

ಕತ್ತರಿಸಲು ಬರುವುದು ಯಾವಾಗ

ವ್ಯವಸ್ಥೆಯನ್ನು ಮತ್ತೆ ಕಟ್ಟಿದೆವು. ಬೆಟ್ಟಕ್ಕೆ ಹೆಚ್ಚು ಯೋಚಿಸಬೇಕಾಗಲಿಲ್ಲ: ಕಕ್ಷೆ ಮರುಕಳಿಸುವುದರಿಂದ ನೆರಳು ಪ್ರತಿ ಸಲ ಅಲ್ಲಲ್ಲೇ ಬೀಳುತ್ತದೆ. ಅದನ್ನು ಭೂಮಿಯಲ್ಲೇ ಒಮ್ಮೆ ಲೆಕ್ಕ ಹಾಕಿ ಚಿಕ್ಕ ನಕ್ಷೆಯಾಗಿ ಮೇಲೆ ಕಳಿಸಿದರೆ ಸಾಕು. ಕೆರೆಗಳ ಗಡಿ ನಕ್ಷೆಯನ್ನೂ ಜೊತೆಗೆ ಇಟ್ಟೆವು. ನೀರು ಬರುತ್ತದೆ, ಹೋಗುತ್ತದೆ. ಕೆರೆಯ ಅಂಗಳ ಎಲ್ಲಿಗೂ ಹೋಗುವುದಿಲ್ಲ.

ಮುಖ್ಯ ಬದಲಾವಣೆ ಉತ್ತರದ ರೂಪದಲ್ಲಿ. ಈಗ ಯಂತ್ರ ಮೂರು ಮಾತು ಹೇಳುತ್ತದೆ: ನೀರಿದೆ, ಇಲ್ಲ, ಅನುಮಾನ. ಕೆರೆಯಂಗಳದಲ್ಲಿ ಹಿಂದಿನ ಸಲ ಕಪ್ಪಿದ್ದು ಈ ಸಲ ಬೂದಾದರೆ ಅನುಮಾನ. ಚಿಕ್ಕ ಕಪ್ಪು ತುಂಡು ಉಳಿದಿದ್ದರೂ ಅನುಮಾನ. ಅನುಮಾನವಿರುವ ಪ್ರತಿ ಕೆರೆಗೂ ಒಂದು ಕಿ.ಮೀ. ಚೌಕದ ಚಿತ್ರದ ತುಣುಕನ್ನು, ಎರಡೂ ಧ್ರುವೀಕರಣಗಳಲ್ಲಿ, ಫೇಸ್ ಸಮೇತ, ಪಟ್ಟಿಯ ಜೊತೆ ಕಳಿಸುತ್ತದೆ. ಲೆಕ್ಕ ಹೀಗೆ: ಸೆಂಟಿನೆಲ್-1ರ ಫೋಕಸ್ ಆದ ಚಿತ್ರದಲ್ಲಿ ಮಾದರಿಗಳ ಅಂತರ ಓರೆ ದಿಕ್ಕಿನಲ್ಲಿ 2.3 ಮೀಟರ್, ನೆಲದ ಮೇಲೆ ಸುಮಾರು 3.7 ಮೀಟರ್, ಹಾರುವ ದಿಕ್ಕಿನಲ್ಲಿ 14 ಮೀಟರ್. ಒಂದು ಚದರ ಕಿ.ಮೀ.ಗೆ ಹತ್ತೊಂಬತ್ತು ಸಾವಿರದಷ್ಟು ಮಾದರಿ, ಮಾದರಿಗೆ ನಾಲ್ಕು ಬೈಟ್, ಎರಡು ಧ್ರುವೀಕರಣ: ನೂರೈವತ್ತು ಕಿಲೋಬೈಟ್ ಚಿಲ್ಲರೆ. ಇಪ್ಪತ್ತು ಕೆರೆಗಳಿಗೆ ಮೂರು ಮೆಗಾಬೈಟ್.

ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದ ದಿನ ನನಗೆ ಒಂದು ವಿಷಯ ಹೊಳೆಯಿತು. ಕಚ್ಚಾ ದತ್ತಾಂಶದಿಂದ ಒಂದು ಕೆರೆಯನ್ನು ಕತ್ತರಿಸಿ ತೆಗೆಯಲು ಬರುವುದಿಲ್ಲ. ಅದು ಏಳೂವರೆ ಕಿ.ಮೀ. ಸವರಿಕೊಂಡು ನೆರೆಯ ಊರುಗಳ ಸದ್ದಿನೊಂದಿಗೆ ಬೆರೆತಿರುತ್ತದೆ; ಕೆರೆ ಬೇಕಾದರೆ ಸುತ್ತಲಿನ ಹತ್ತಾರು ಊರುಗಳನ್ನೂ ಹೊತ್ತು ತರಬೇಕು. ಫೋಕಸ್ ಮಾಡಿದ ಮೇಲೆ ಮಾತ್ರ ಕೆರೆ ತನ್ನ ಜಾಗದಲ್ಲಿ ಕುಳಿತುಕೊಳ್ಳುತ್ತದೆ, ಕತ್ತರಿ ಹಾಕಬಹುದು. ಉಪಗ್ರಹದೊಳಗೆ ಫೋಕಸ್ ಮಾಡುವ ಕಷ್ಟವನ್ನು ನಾವು ತೀರ್ಪು ಕೊಡುವುದಕ್ಕೆಂದು ಪಟ್ಟಿದ್ದೆವು. ಅದರ ನಿಜವಾದ ಪ್ರಯೋಜನ ಸಾಕ್ಷಿಯನ್ನು ಕತ್ತರಿಸಿ ಕೊಡುವುದರಲ್ಲಿತ್ತು. ಆ ಹುಡುಗಿಯ ಎರಡು ತಿಂಗಳ ದುಡಿಮೆ ಸಾರ್ಥಕವಾದದ್ದು ಇಲ್ಲಿ.

ಬೆಂಗಳೂರಿನ ತಂಡದ ಹಿರಿಯ ಎಂಜಿನಿಯರ್ ಒಬ್ಬರು ಇದನ್ನು ಒಪ್ಪಲಿಲ್ಲ. “ಪಟ್ಟಿ ಪಡೆಯುವವರಿಗೆ ಉತ್ತರ ಬೇಕು ಸರ್, ಅನುಮಾನ ಕಳಿಸಿದರೆ ಯಾರು ಕುಳಿತು ನೋಡುತ್ತಾರೆ?” ಎಂದರು. ಅವರ ಮಾತಿನಲ್ಲಿ ತೂಕವಿದೆ. ರಾತ್ರಿ ಮಳೆಯಲ್ಲಿ ಕಚೇರಿಯಲ್ಲಿರುವ ಒಬ್ಬರೇ ಸಿಬ್ಬಂದಿಗೆ ಇಪ್ಪತ್ತು ಚಿತ್ರ ಬಂದರೆ ಹೊರೆಯೇ. ಆದರೆ ಅದಕ್ಕೆ ದಾರಿ ಅನುಮಾನವನ್ನು ಅಡಗಿಸುವುದಲ್ಲ, ಯಾವ ಕೆರೆಯ ಕೆಳಗೆ ಎಷ್ಟು ಮನೆಗಳಿವೆ ಎಂದು ನೋಡಿ ಸಾಲು ಹಚ್ಚುವುದು ಎಂದು ನಾನು ವಾದಿಸಿದೆ. ಸುಳ್ಳು ಸೊನ್ನೆಯನ್ನು ನಂಬಿ ಮಲಗುವುದಕ್ಕಿಂತ ಒಂದು ಅನುಮಾನದ ಚಿತ್ರವನ್ನು ಕಳಿಸಿ ನೀರುಗಂಟಿಗೆ ಫೋನ್ ಮಾಡಿಸುವುದು ಮೇಲು. ಈ ಚರ್ಚೆ ಇನ್ನೂ ಮುಗಿದಿಲ್ಲ. ಮೂರು ಮೆಗಾಬೈಟ್ ಅನ್ನು ಅವರು ಸದ್ಯಕ್ಕೆ ಮಂಜೂರು ಮಾಡಿದ್ದಾರೆ.

ಹೊಸ ವ್ಯವಸ್ಥೆಯನ್ನು ಅದೇ ಹಳೆಯ ದಿನಾಂಕದ ದತ್ತಾಂಶದ ಮೇಲೆ ಓಡಿಸಿದಾಗ ಬೆಟ್ಟದ ಮೂರು ಕುಂಟೆಗಳು ಮಾಯವಾದವು. ಕೆರೆಯ ಮುಂದೆ ಅನುಮಾನ ಎಂದು ಬಂತು, ಜೊತೆಗೆ ಚಿತ್ರದ ತುಣುಕು. ಇನ್ನೊಂದು ಕೆರೆಯಲ್ಲಿ ಅದು ಇನ್ನೂ ಸೋಲುತ್ತದೆ: ಅಲ್ಲಿ ಬೇರೂರಿದ ಜೊಂಡು ಅಂಗಳವನ್ನೆಲ್ಲ ತುಂಬಿದೆ, ಗಾಳಿಗೆ ಜಾಗ ಬಿಡುವುದಿಲ್ಲ, ಹೊಲದಂತೆಯೇ ನಿಂತಿರುತ್ತದೆ. ಅಂಥ ಕಡೆ ನಿಸಾರ್‌ನ 24 ಸೆಂಟಿಮೀಟರ್ ಅಲೆ ಎಲೆಗಳನ್ನು ದಾಟಿ ಕೆಳಗಿಳಿದು, ನೀರಿಗೂ ಕಾಂಡಕ್ಕೂ ಬಡಿದು ಹಿಂದಿರುಗುವ ಸಾಧ್ಯತೆ ಹೆಚ್ಚು. ಈ ವರ್ಷದ ವಿದ್ಯಾರ್ಥಿಗಳು ಅದನ್ನು ಹಿಡಿದಿದ್ದಾರೆ.

ಮುಂದಿನ ಹಾಯುವಿಕೆಯ ಬೆಳಿಗ್ಗೆ ಐದೂವರೆಗೆ ನಾವು ಮತ್ತೆ ಆ ಏರಿಯ ಮೇಲೆ ಇರುತ್ತೇವೆ. ಕಳೆಯ ಅಂಚನ್ನು ತೆಪ್ಪದಲ್ಲಿ ಸುತ್ತಿ ಜಿಪಿಎಸ್‌ನಲ್ಲಿ ಗುರುತು ಮಾಡಬೇಕು. ತೆಪ್ಪ ಮತ್ತು ಹುಟ್ಟನ್ನು ತಾತ ಹೊಂದಿಸಿಟ್ಟಿದ್ದಾರೆ. ಉಪಗ್ರಹ ಬರುವ ಹೊತ್ತಿಗೆ ಗಾಳಿ ಇರುವುದಿಲ್ಲ, ಸೊಪ್ಪು ಅಲುಗುವುದಿಲ್ಲ ಎಂದು ಅವರೇ ಹೇಳಿದ್ದಾರೆ.